‘ಆಲ್‌ದೋ’ ಬಂದ ಮೇಲೆ ‘ಬಟ್’ ಯಾಕೆ ಬೇಡ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಗಂಟಿನ ಸುತ್ತ ಇವೆ. ಬಟ್, ಆಲ್‌ದೋ, ಹೌಎವರ್, ಡಿಸ್ಪೈಟ್, ಸ್ಟಿಲ್, ಯೆಟ್. ಡಿಕ್ಷನರಿ ತೆಗೆದರೆ ಎಲ್ಲಕ್ಕೂ ‘ಆದರೆ’, ‘ಆದರೂ’, ‘ಆದಾಗ್ಯೂ’ ಅಂತಲೇ ಇರುತ್ತದೆ, ಹಾಗಾದರೆ ಯಾವುದನ್ನು ಎಲ್ಲಿ ಹಾಕಬೇಕು ಅಂತ ಸಿಂಧನೂರಿನಿಂದ ಕೊಪ್ಪಳದವರೆಗೆ ಕೇಳಿದ್ದಾರೆ. ಹೆಸರು ಹಾಕಬೇಡಿ ಎಂದವರೇ ಜಾಸ್ತಿ, ಆದ್ದರಿಂದ ಊರು ಮಾತ್ರ ಕೊಟ್ಟಿದ್ದೇನೆ. ಇಂಗ್ಲಿಷ್ ವಾಕ್ಯಗಳನ್ನು ಎಂದಿನಂತೆ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಓದುವಾಗ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು ಅವನ್ನು ಇಂಗ್ಲಿಷ್ ಅಕ್ಷರದಲ್ಲಿ ನೀವೇ ಬರೆಯಿರಿ. ಕೈ ಓಡಿದರೆ ಮಾತ್ರ ಇದು ತಲೆಗೆ ಹೋಗುತ್ತದೆ.

ಸಿಂಧನೂರಿನಿಂದ ಬಿ.ಎ. ವಿದ್ಯಾರ್ಥಿನಿ: ಮೇಡಂ, ಇಂಟರ್ನಲ್ಸ್‌ನಲ್ಲಿ ನಾನು ‘ಆಲ್‌ದೋ ಮೈ ಫಾದರ್ ಈಸ್ ಎ ಫಾರ್ಮರ್, ಬಟ್ ಹಿ ರೀಡ್ಸ್ ದ ಪೇಪರ್ ಎವ್ರಿ ಡೇ’ ಅಂತ ಬರೆದಿದ್ದೆ. ‘ಬಟ್’ ಸುತ್ತ ಕೆಂಪು ಗೆರೆ ಹಾಕಿ ಅರ್ಧ ಅಂಕ ಕಳೆದಿದ್ದಾರೆ. ಅರ್ಥ ಸರಿಯಾಗಿಯೇ ಇದೆ ಅಲ್ವಾ? ಕ್ಲಾಸಿನಲ್ಲಿ ಅರ್ಧ ಜನ ಹೀಗೇ ಬರೆದಿದ್ದಾರೆ.

ನೋಡಮ್ಮಾ, ನಾನು ಓದುವಾಗಲೂ ಇದೇ ಕೆಂಪು ಗೆರೆ ಬೀಳುತ್ತಿತ್ತು. ಯಾಕೆ ಅಂತ ಯಾರೂ ಹೇಳುತ್ತಿರಲಿಲ್ಲ. ಅಂಕ ಹೋದದ್ದಕ್ಕಿಂತ ಅದೇ ಜಾಸ್ತಿ ನೋವು. ಆದ್ದರಿಂದ ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಮೊದಲು ‘ಆಲ್‌ದೋ ಅಂದರೆ ಆದಾಗ್ಯೂ’ ಎಂಬ ಬಾಯಿಪಾಠವನ್ನು ಬಿಟ್ಟುಬಿಡಿ. ಆದಾಗ್ಯೂ ಎನ್ನುವುದು ಕನ್ನಡದಲ್ಲಿ ಒಂದು ವಾಕ್ಯ ಮುಗಿದ ಮೇಲೆ ಎರಡನೆಯದರ ತಲೆಯ ಮೇಲೆ ಕೂರುವ ಪದ. ಆಲ್‌ದೋ ಕೂರುವುದು ಅಲ್ಲಲ್ಲ. ಆಲ್‌ದೋಗೆ ನಿಜವಾದ ಕನ್ನಡ ಒಂದು ಇಡೀ ಪದವೇ ಅಲ್ಲ, ಅದು ಕ್ರಿಯಾಪದದ ಕೊನೆಗೆ ನಾವು ಅಂಟಿಸುವ ‘ರೂ’. ಮಳೆ ಬಂದರೂ ಹೋದೆವು. ಜ್ವರ ಇದ್ದರೂ ಪರೀಕ್ಷೆ ಬರೆದಳು. ಈ ‘ರೂ’ ಬಂದ ಮೇಲೆ ನಡುವೆ ‘ಆದರೆ’ ಹಾಕುತ್ತೀರಾ? ‘ಮಳೆ ಬಂದರೂ, ಆದರೆ ಹೋದೆವು’ ಅಂತ ಸಿಂಧನೂರಿನಲ್ಲಿ ಯಾರೂ ಹೇಳುವುದಿಲ್ಲ, ಕಿವಿಗೆ ತಕ್ಷಣ ಗೊತ್ತಾಗುತ್ತದೆ. ‘ಆಲ್‌ದೋ ಇಟ್ ರೇನ್ಡ್, ಬಟ್ ವಿ ವೆಂಟ್’ ಇಂಗ್ಲಿಷ್ ಕಿವಿಗೆ ಕೇಳಿಸುವುದು ಥೇಟ್ ಹಾಗೆಯೇ.

ವ್ಯತ್ಯಾಸ ಜಾಗದ್ದು ಅಷ್ಟೇ. ನಾವು ಗುರುತನ್ನು ಬಾಲಕ್ಕೆ ಕಟ್ಟುತ್ತೇವೆ, ಅವರು ತಲೆಗೆ ಕಟ್ಟುತ್ತಾರೆ. ‘ಮಳೆ ಬಂದರೂ’ ಅಂತ ನಾವು ಕೊನೆಗೆ ಹೇಳುವುದನ್ನು ಅವರು ಶುರುವಿಗೇ ‘ಆಲ್‌ದೋ’ ಅಂತ ಹೇಳಿ ಮುಗಿಸಿರುತ್ತಾರೆ. ವಾಕ್ಯದ ನಡುವೆ ಬರುವ ಹೊತ್ತಿಗೆ ಆ ಗುರುತು ನಮಗೆ ಮರೆತಿರುತ್ತದೆ, ಕೈ ತಾನಾಗಿ ಇನ್ನೊಂದು ‘ಬಟ್’ ಬರೆದುಬಿಡುತ್ತದೆ. ಒಂದು ಗಂಟು ಸಾಕು. ‘ಆಲ್‌ದೋ ಇಟ್ ರೇನ್ಡ್, ವಿ ವೆಂಟ್’ ಅಥವಾ ‘ಇಟ್ ರೇನ್ಡ್, ಬಟ್ ವಿ ವೆಂಟ್’. ಎರಡರಲ್ಲಿ ಒಂದು.

ನಮ್ಮ ಕಡೆ ಇನ್ನೊಂದು ಕಾರಣವೂ ಇದೆ. ರಾಯಚೂರು, ಬಳ್ಳಾರಿ ಕಡೆ ಮನೆಯಲ್ಲಿ ಉರ್ದು ಮಾತಾಡುವವರು ಬಹಳ. ಉರ್ದುವಿನಲ್ಲಿ ‘ಹಾಲಾಂಕಿ’ ಅಂತ ಶುರು ಮಾಡಿ ನಡುವೆ ‘ಲೇಕಿನ್’ ಹಾಕುವುದು ಸಹಜ, ಅದು ಆ ಭಾಷೆಯಲ್ಲಿ ಸರಿ. ಆ ಜೋಡಿ ಹಾಗೆಯೇ ಇಂಗ್ಲಿಷಿಗೆ ಬಂದುಬಿಡುತ್ತದೆ. ತೆಲುಗು ಮನೆಮಾತಿನವರಿಗೆ ನಮ್ಮ ಹಾಗೆ ಬಾಲ ಇದೆ. ‘ವಾನ ವಚ್ಚಿನಾ ವೆಳ್ಳಾಮು’ ಅನ್ನುವಾಗ ಆ ಕೊನೆಯ ‘ನಾ’ ನಮ್ಮ ‘ರೂ’ ಮಾಡುವ ಕೆಲಸವನ್ನೇ ಮಾಡುತ್ತದೆ.

ಹಳೆಯ ವ್ಯಾಕರಣ ಪುಸ್ತಕದಲ್ಲಿ ‘ದೋ’ ಜೊತೆ ‘ಯೆಟ್’ ಜೋಡಿ ನೋಡಿದ್ದೇನೆ ಅಂತ ನೀವು ಕೇಳಬಹುದು. ಹೌದು, ಇದೆ. ‘ದೋ ಹಿ ಈಸ್ ಪೂರ್, ಯೆಟ್ ಹಿ ಈಸ್ ಆನೆಸ್ಟ್’ ಹಳೆಯ ಶೈಲಿಯ ವಾಕ್ಯ, ತಪ್ಪಲ್ಲ. ಅಲ್ಲಿ ಯೆಟ್ ಕೀಲಿನ ಕೆಲಸ ಮಾಡುತ್ತಿಲ್ಲ, ‘ಆದರೂ ನೋಡು’ ಅಂತ ಒತ್ತು ಕೊಡುತ್ತಿದೆ. ‘ಬಟ್’ಗೆ ಆ ರಿಯಾಯಿತಿ ಇಲ್ಲ.

ಇನ್ನು ನಿಮ್ಮ ವಾಕ್ಯದ ಬಗ್ಗೆ ಒಂದು ಮಾತು, ಇದು ನನಗೆ ಆ ಅರ್ಧ ಅಂಕಕ್ಕಿಂತ ಮುಖ್ಯ. ‘ಆಲ್‌ದೋ’ ಹಾಕಿದರೆ ‘ಹೀಗಿದ್ದವರು ಹಾಗೆ ಮಾಡುತ್ತಾರೆ ಅಂತ ಯಾರೂ ಅಂದುಕೊಳ್ಳಲಾರರು’ ಎಂಬ ನಿರೀಕ್ಷೆಯನ್ನು ನೀವೇ ವಾಕ್ಯದೊಳಗೆ ಇಟ್ಟ ಹಾಗೆ. ನಿಮ್ಮ ತಂದೆ ರೈತರು, ದಿನಾ ಪೇಪರ್ ಓದುತ್ತಾರೆ. ಇದರಲ್ಲಿ ಆಶ್ಚರ್ಯಪಡುವುದೇನಿದೆ? ಬತ್ತದ ರೇಟು, ಕಾಲುವೆಗೆ ನೀರು ಬಿಡುವ ದಿನ, ಎಲ್ಲ ನೋಡಬೇಕಾದವರೇ ಅವರು. ಇಲ್ಲಿ ಸರಿಯಾದ ಪದ ‘ಅಂಡ್’. ‘ಮೈ ಫಾದರ್ ಈಸ್ ಎ ಫಾರ್ಮರ್, ಅಂಡ್ ಹಿ ರೀಡ್ಸ್ ದ ಪೇಪರ್ ಎವ್ರಿ ಡೇ.’ ವ್ಯಾಕರಣ ತಿದ್ದಿದವರು ಇದನ್ನೂ ತಿದ್ದಬೇಕಿತ್ತು ಅಂತ ನನ್ನ ಅಭಿಪ್ರಾಯ.

ಗಂಗಾವತಿಯಿಂದ, ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವವರು: ಖಾಲಿ ಜಾಗ ತುಂಬುವ ಪ್ರಶ್ನೆಯಲ್ಲಿ ಆಲ್‌ದೋ, ಡಿಸ್ಪೈಟ್, ಇನ್ ಸ್ಪೈಟ್ ಆಫ್ ಮೂರೂ ಆಯ್ಕೆಗಳಾಗಿ ಬರುತ್ತವೆ. ಅರ್ಥ ಒಂದೇ. ಪ್ರತಿ ಸಲ ಅಂದಾಜಿನ ಮೇಲೆ ಟಿಕ್ ಹಾಕುತ್ತಿದ್ದೇನೆ. ದಾರಿ ಹೇಳಿ.

ಅಂದಾಜು ಬೇಡ ತಮ್ಮಾ, ಇದಕ್ಕೆ ಖಚಿತವಾದ ದಾರಿ ಇದೆ. ಅರ್ಥ ನೋಡಬೇಡಿ, ಖಾಲಿ ಜಾಗದ ಬಲಗಡೆ ಏನಿದೆ ನೋಡಿ. ಅಲ್ಲಿ ಕರ್ತೃವೂ ಕ್ರಿಯಾಪದವೂ ಇರುವ ಪೂರ್ತಿ ವಾಕ್ಯ ಇದ್ದರೆ ಆಲ್‌ದೋ. ಬರೀ ಹೆಸರು ಇದ್ದರೆ, ಅಂದರೆ ಮಳೆ, ಜ್ವರ, ಬಡತನ, ಗದ್ದಲ ಇಂಥದ್ದು ಮಾತ್ರ ಇದ್ದರೆ, ಡಿಸ್ಪೈಟ್ ಅಥವಾ ಇನ್ ಸ್ಪೈಟ್ ಆಫ್.

ನಿಮ್ಮ ಊರಿನ ಹತ್ತಿರದ ಉದಾಹರಣೆಯನ್ನೇ ಕೊಡುತ್ತೇನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಒಂದು ವಾರದ ಹೊತ್ತಿಗೆ, ನೀರು ಹರಿಯುತ್ತಿದ್ದರೂ, ಅಲ್ಲಿ ತಾತ್ಕಾಲಿಕ ಗೇಟು ಕೂರಿಸಿದರು. ಈ ‘ಹರಿಯುತ್ತಿದ್ದರೂ’ ಎನ್ನುವುದನ್ನು ಇಂಗ್ಲಿಷಿಗೆ ಎರಡು ರೀತಿ ತರಬಹುದು. ‘ಆಲ್‌ದೋ ದ ವಾಟರ್ ವಾಸ್ ಫ್ಲೋಯಿಂಗ್ ಫಾಸ್ಟ್, ದೇ ಫಿಕ್ಸ್‌ಡ್ ಎ ಟೆಂಪರರಿ ಗೇಟ್.’ ಇಲ್ಲಿ ‘ವಾಟರ್ ವಾಸ್ ಫ್ಲೋಯಿಂಗ್’ ಪೂರ್ತಿ ವಾಕ್ಯ. ‘ಡಿಸ್ಪೈಟ್ ದ ಫಾಸ್ಟ್ ಫ್ಲೋ, ದೇ ಫಿಕ್ಸ್‌ಡ್ ಎ ಟೆಂಪರರಿ ಗೇಟ್.’ ಇಲ್ಲಿ ‘ಫಾಸ್ಟ್ ಫ್ಲೋ’ ಬರೀ ಹೆಸರು. ಕನ್ನಡದಲ್ಲಿ ಎರಡಕ್ಕೂ ಅದೇ ‘ರೂ’ ಸಾಕಾಗುತ್ತದೆ. ರಭಸ ಇದ್ದರೂ, ನೀರು ಹರಿದರೂ. ನಮ್ಮ ಭಾಷೆ ಈ ಭೇದವನ್ನು ಕೇಳುವುದೇ ಇಲ್ಲ, ಆದ್ದರಿಂದಲೇ ನಮಗೆ ಅದು ಕಣ್ಣಿಗೆ ಬೀಳುವುದಿಲ್ಲ. ನಿಮ್ಮ ಬುದ್ಧಿಯ ತಪ್ಪಲ್ಲ.

ಡಿಸ್ಪೈಟ್ ಮುಂದೆ ಕ್ರಿಯಾಪದ ತರಲೇಬೇಕಾದರೆ ಅದಕ್ಕೆ ‘ಇಂಗ್’ ಹಾಕಿ ಹೆಸರಾಗಿಸಿ. ‘ಡಿಸ್ಪೈಟ್ ಬೀಯಿಂಗ್ ಟೈರ್ಡ್, ಶಿ ಫಿನಿಶ್ಡ್ ದ ವರ್ಕ್.’ ದಣಿದವಳೂ ಅವಳೇ, ಮುಗಿಸಿದವಳೂ ಅವಳೇ ಆಗಿರಬೇಕು, ಇದನ್ನು ಮರೆಯಬೇಡಿ. ಇಬ್ಬರೂ ಬೇರೆ ಬೇರೆಯಾದರೆ ಆಲ್‌ದೋಗೆ ಹೋಗುವುದು ಕ್ಷೇಮ. ‘ಡಿಸ್ಪೈಟ್ ದ ಫ್ಯಾಕ್ಟ್ ದಟ್’ ಅಂತ ಹಾಕಿ ಪೂರ್ತಿ ವಾಕ್ಯ ಬರೆಯಬಹುದು. ಸರಿಯೇ, ಆದರೆ ಉದ್ದ. ಆಲ್‌ದೋ ಇರುವಾಗ ಅದು ಯಾಕೆ?

ಕೊನೆಗೆ, ‘ಡಿಸ್ಪೈಟ್ ಆಫ್’. ಪರೀಕ್ಷೆಯಲ್ಲಿ ತಪ್ಪು ಹುಡುಕಿ ಎಂಬ ಪ್ರಶ್ನೆಯಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. ಡಿಸ್ಪೈಟ್ ಮುಂದೆ ಆಫ್ ಇಲ್ಲ, ಸ್ಪೈಟ್ ಮುಂದೆ ಇದೆ. ಇದರ ಹಿಂದಿನ ಕಥೆ ಗೊತ್ತಿದ್ದರೆ ಮರೆಯುವುದಿಲ್ಲ. ಡಿಸ್ಪೈಟ್ ಹಳೆಯ ಫ್ರೆಂಚ್‌ನಿಂದ ಬಂದ ಪದ, ಮೂಲದಲ್ಲಿ ತಿರಸ್ಕಾರ ಅಂತ ಅರ್ಥ. ಒಂದು ಕಾಲದಲ್ಲಿ ‘ಇನ್ ಡಿಸ್ಪೈಟ್ ಆಫ್’ ಅಂತ ಪೂರ್ತಿ ಹೇಳುತ್ತಿದ್ದರು. ಅದು ಸವೆದು ಎರಡಾಯಿತು. ಒಂದು ಕಡೆ ‘ಡಿಸ್’ ಹೋಗಿ ‘ಇನ್ ಸ್ಪೈಟ್ ಆಫ್’ ಉಳಿಯಿತು, ಇನ್ನೊಂದು ಕಡೆ ಹಿಂದುಮುಂದಿನ ಎರಡೂ ಸಣ್ಣ ಪದಗಳು ಉದುರಿ ‘ಡಿಸ್ಪೈಟ್’ ಒಂದೇ ನಿಂತಿತು. ‘ಇನ್’ ಇದ್ದರೆ ‘ಆಫ್’ ಇರುತ್ತದೆ, ‘ಇನ್’ ಇಲ್ಲದಿದ್ದರೆ ‘ಆಫ್’ ಇಲ್ಲ. ‘ಇನ್’ ಮತ್ತು ‘ಸ್ಪೈಟ್’ ನಡುವೆ ಜಾಗ ಬಿಡಿ, ಅವು ಎರಡು ಪದ.

ರಾಯಚೂರಿನಿಂದ, ಕಚೇರಿಯಲ್ಲಿ ಪತ್ರ ಟೈಪ್ ಮಾಡುವವರು: ‘ದ ಡ್ಯಾಮ್ ಈಸ್ ಫುಲ್, ಹೌಎವರ್ ದ ಟೇಲ್‌-ಎಂಡ್ ಫೀಲ್ಡ್ಸ್ ಹ್ಯಾವ್ ಗಾಟ್ ನೋ ವಾಟರ್’ ಅಂತ ಟೈಪ್ ಮಾಡಿದ್ದೆ. ಸಾಹೇಬರು ‘ಪಂಕ್ಚುಯೇಷನ್ ಸರಿಯಿಲ್ಲ’ ಅಂತ ವಾಪಸ್ ಕಳಿಸಿದರು. ಹೌಎವರ್ ಅಂದರೂ ಬಟ್ ಅಂದರೂ ಒಂದೇ ಅಲ್ಲವೇ ಮೇಡಂ?

ಅರ್ಥ ಒಂದೇ, ಜಾತಿ ಬೇರೆ. ಬಟ್ ಎರಡು ವಾಕ್ಯಗಳನ್ನು ಹೊಲಿಯುವ ದಾರ. ಹೌಎವರ್ ದಾರ ಅಲ್ಲ, ಅದು ಹೊಲಿಯುವುದಿಲ್ಲ. ಹೊಸ ವಾಕ್ಯದಲ್ಲಿ ನಿಂತು ‘ಹಿಂದೆ ಹೇಳಿದ್ದಕ್ಕೆ ಇದು ವಿರುದ್ಧ’ ಅಂತ ಕೈ ತೋರಿಸುತ್ತದೆ, ಅಷ್ಟೇ. ಆದ್ದರಿಂದ ಅದರ ಮುಂಚೆ ಹಿಂದಿನ ವಾಕ್ಯ ಮುಗಿದಿರಬೇಕು. ಬರೀ ಕಾಮಾ ಸಾಲದು.

ನಾವು ಯಾಕೆ ಎಡವುತ್ತೇವೆ ಅಂದರೆ ಕನ್ನಡದಲ್ಲಿ ‘ಡ್ಯಾಂ ತುಂಬಿದೆ, ಆದರೆ ನೀರು ಬಂದಿಲ್ಲ’ ಅಂತ ಕಾಮಾ ಹಾಕಿ ಬರೆದು ರೂಢಿ. ಅಲ್ಲಿ ‘ಆದರೆ’ ತೆಗೆದು ಹೌಎವರ್ ಇಟ್ಟುಬಿಡುತ್ತೇವೆ. ನಿಮ್ಮ ಪತ್ರವನ್ನು ಹೀಗೆ ತಿದ್ದಿ: ‘ದ ಡ್ಯಾಮ್ ಈಸ್ ಫುಲ್.’ ಫುಲ್‌ಸ್ಟಾಪ್. ಆಮೇಲೆ ದೊಡ್ಡಕ್ಷರದಲ್ಲಿ ‘ಹೌಎವರ್’, ಕಾಮಾ, ‘ದ ಟೇಲ್‌-ಎಂಡ್ ಫೀಲ್ಡ್ಸ್ ಹ್ಯಾವ್ ಗಾಟ್ ನೋ ವಾಟರ್.’ ಎರಡನ್ನೂ ಒಂದೇ ವಾಕ್ಯದಲ್ಲಿ ಇಡಬೇಕೆಂದರೆ ಫುಲ್‌ಸ್ಟಾಪ್ ಜಾಗದಲ್ಲಿ ಸೆಮಿಕೋಲನ್ ಹಾಕಿ. ನೆವರ್‌ದಲೆಸ್, ನನ್‌ದಲೆಸ್ ಕೂಡ ಇದೇ ಜಾತಿ, ಅವಕ್ಕೂ ಇದೇ ನಿಯಮ.

ಇನ್ನೊಂದು ವಿದ್ಯೆ ಹೇಳುತ್ತೇನೆ, ಕಚೇರಿ ಪತ್ರಕ್ಕೆ ಬಹಳ ಉಪಯೋಗ. ಹೌಎವರ್ ಅನ್ನು ವಾಕ್ಯದ ನಡುವೆಯೂ ಇಡಬಹುದು. ‘ದ ಟೇಲ್‌-ಎಂಡ್ ಫೀಲ್ಡ್ಸ್, ಹೌಎವರ್, ಹ್ಯಾವ್ ಗಾಟ್ ನೋ ವಾಟರ್.’ ಎರಡೂ ಕಡೆ ಕಾಮಾ ಬೇಕು. ಹೀಗೆ ಇಟ್ಟಾಗ ಅದರ ಕನ್ನಡ ‘ಆದರೆ’ ಅಲ್ಲ, ‘ಮಾತ್ರ’. ‘ಕೊನೆ ಭಾಗದ ಹೊಲಗಳಿಗೆ ಮಾತ್ರ ನೀರು ಬಂದಿಲ್ಲ.’ ಮಾನ್ವಿ, ಸಿರವಾರ ಕಡೆಯ ರೈತರು ಹೇಳುವ ಮಾತಿನ ಒತ್ತು ಇದೇ ಅಲ್ವಾ? ಮೇಲಿನವರಿಗೆ ಬಂತು, ನಮಗೆ ಮಾತ್ರ ಬರಲಿಲ್ಲ. ಆ ಒತ್ತು ಪತ್ರದಲ್ಲಿ ಬರಬೇಕಾದರೆ ಹೌಎವರ್ ಅನ್ನು ‘ಫೀಲ್ಡ್ಸ್’ ಬೆನ್ನಿಗೇ ಇಡಿ.

ಒಂದು ಕಡೆ ಮಾತ್ರ ಹೌಎವರ್ ಪಕ್ಕದಲ್ಲಿ ಕಾಮಾ ಬರುವುದಿಲ್ಲ. ‘ಹೌಎವರ್ ಹಾರ್ಡ್ ವಿ ಟ್ರೈ’ ಅಂದರೆ ‘ನಾವು ಎಷ್ಟು ಕಷ್ಟಪಟ್ಟರೂ’. ಇಲ್ಲಿ ಅದು ಬೇರೆಯೇ ಕೆಲಸದಲ್ಲಿದೆ, ‘ಎಷ್ಟು’ ಮತ್ತು ‘ರೂ’ ಎರಡೂ ಸೇರಿ ಹೌಎವರ್ ಆಗಿದೆ. ಯಾರು ಬಂದರೂ ‘ಹೂಎವರ್ ಕಮ್ಸ್’, ಏನು ಹೇಳಿದರೂ ‘ವಾಟ್‌ಎವರ್ ಯು ಸೇ’. ನಮ್ಮ ಆ ಸಣ್ಣ ಬಾಲ ಎಲ್ಲೆಲ್ಲಿ ದುಡಿಯುತ್ತದೆ ನೋಡಿ!

ಬಳ್ಳಾರಿಯಿಂದ, ಜೀನ್ಸ್ ಹೊಲಿಸಿ ಬೇರೆ ರಾಜ್ಯಕ್ಕೆ ಕಳಿಸುವವರು: ಗಿರಾಕಿಗಳಿಗೆ ಇಂಗ್ಲಿಷಿನಲ್ಲಿ ಮೆಸೇಜ್ ಹಾಕುತ್ತೇನೆ. ವಾಕ್ಯವನ್ನು ‘ಬಟ್’ನಿಂದ ಶುರು ಮಾಡಬಾರದು ಅಂತ ಮಗ ಹೇಳುತ್ತಾನೆ. ಹೌದಾ?

ಶುರು ಮಾಡಬಹುದು. ಒಳ್ಳೆಯ ಬರಹಗಾರರು ನೂರಾರು ವರ್ಷದಿಂದ ಹಾಗೆ ಬರೆದಿದ್ದಾರೆ. ಮಕ್ಕಳು ಪ್ರತಿ ವಾಕ್ಯವನ್ನೂ ಬಟ್, ಅಂಡ್ ಅಂತ ಶುರು ಮಾಡುತ್ತಾರೆ ಎಂದು ಶಾಲೆಯಲ್ಲಿ ತಡೆಯುತ್ತಾರೆ, ಅದು ನಿಯಮ ಅಲ್ಲ. ‘ಬಟ್’ ಆದ ಮೇಲೆ ಕಾಮಾ ಮಾತ್ರ ಹಾಕಬೇಡಿ.

ಅದೇ ಬಳ್ಳಾರಿಯಿಂದ, ಎಂಜಿನಿಯರಿಂಗ್ ಮುಗಿಸಿದ ಯುವಕ: ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ ಓದಿದ್ದೇನೆ. ಇಂಟರ್‌ವ್ಯೂನಲ್ಲಿ ‘ಐ ಹ್ಯಾವ್ ಗುಡ್ ಮಾರ್ಕ್ಸ್ ಅಂಡ್ ಐ ಹ್ಯಾವ್ ಡನ್ ಎ ಪ್ರಾಜೆಕ್ಟ್, ಬಟ್ ಐ ಆ್ಯಮ್ ಫ್ರಮ್ ಕನ್ನಡ ಮೀಡಿಯಂ’ ಅಂತ ಹೇಳುತ್ತೇನೆ. ಹೇಳಿದ ತಕ್ಷಣ ಎದುರಿಗಿದ್ದವರ ಮುಖ ಬದಲಾಗುತ್ತದೆ. ವ್ಯಾಕರಣ ತಪ್ಪಿದೆಯಾ ಮೇಡಂ?

ವ್ಯಾಕರಣ ತಪ್ಪಿಲ್ಲ ತಮ್ಮಾ. ಜೋಡಿಸಿದ ಕ್ರಮ ತಪ್ಪಿದೆ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ.

ಬಟ್ ಆದ ಮೇಲೆ ಬರುವುದೇ ಕೇಳುವವರ ಕಿವಿಯಲ್ಲಿ ಉಳಿಯುತ್ತದೆ, ಮುಂಚೆ ಬಂದದ್ದರ ತೂಕ ಇಳಿಯುತ್ತದೆ. ಇದು ಇಂಗ್ಲಿಷಿನ ಗುಟ್ಟೇನೂ ಅಲ್ಲ, ನಮ್ಮ ಮನೆಗಳಲ್ಲಿ ಹೆಣ್ಣು ನೋಡಲು ಬಂದಾಗ ದಿನಾ ನಡೆಯುವ ಮಾತು. ‘ಹುಡುಗ ಒಳ್ಳೆಯವನು, ಆದರೆ ಕೆಲಸ ಇಲ್ಲ’ ಅಂದರೆ ಹೆಣ್ಣಿನ ಕಡೆಯವರು ಚಹಾ ಕುಡಿದು ಎದ್ದು ಹೋಗುತ್ತಾರೆ. ‘ಹುಡುಗನಿಗೆ ಇನ್ನೂ ಕೆಲಸ ಇಲ್ಲ, ಆದರೆ ಒಳ್ಳೆಯವನು’ ಅಂದರೆ ಇನ್ನೊಂದು ಮಾತು ಕೇಳುತ್ತಾರೆ. ಮಾತು ಅವೇ, ತಿರುಗಿಸಿ ಇಟ್ಟದ್ದು ಅಷ್ಟೇ. ನೀವು ಅಂಕವನ್ನೂ ಪ್ರಾಜೆಕ್ಟನ್ನೂ ಮೊದಲು ಇಟ್ಟು, ‘ಬಟ್’ ಹಾಕಿ, ಕನ್ನಡ ಮೀಡಿಯಂ ಅನ್ನು ಕೊನೆಗೆ ಇಟ್ಟಿರಿ. ಇಷ್ಟು ವರ್ಷ ದುಡಿದದ್ದನ್ನೆಲ್ಲ ನೀವೇ ಅದರ ಕೆಳಗೆ ಹಾಕಿದ ಹಾಗಾಯಿತು.

ಹಾಗಾದರೆ ‘ಆಲ್‌ದೋ ಐ ಸ್ಟಡೀಡ್ ಇನ್ ಕನ್ನಡ ಮೀಡಿಯಂ, ಐ ಹ್ಯಾವ್ ಗುಡ್ ಮಾರ್ಕ್ಸ್’ ಅನ್ನಬಹುದಾ? ಮೊದಲಿನದಕ್ಕಿಂತ ವಾಸಿ. ಆಲ್‌ದೋ ಹಾಕಿದ ಭಾಗ ಹಿಂದೆ ಸರಿಯುತ್ತದೆ, ಉಳಿದದ್ದು ಮುಂದೆ ನಿಲ್ಲುತ್ತದೆ. ಆದರೆ ಸಿಂಧನೂರಿನ ಹುಡುಗಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಆಲ್‌ದೋ ಒಂದು ನಿರೀಕ್ಷೆಯನ್ನು ಒಳಗೆ ತರುತ್ತದೆ. ಕನ್ನಡ ಮೀಡಿಯಂನವರಿಗೆ ಒಳ್ಳೆಯ ಅಂಕ ಬರುವುದಿಲ್ಲ ಅನ್ನುವ ನಿರೀಕ್ಷೆಯನ್ನು ಎದುರಿಗಿದ್ದವರು ಹೇಳಲೇ ಇಲ್ಲ, ನೀವೇ ಹೇಳಿದಿರಿ. ಅದು ಬೇಡ.

ವಿರೋಧದ ಪದವನ್ನೇ ಬಿಟ್ಟುಬಿಡಿ. ‘ಐ ಸ್ಟಡೀಡ್ ಇನ್ ಕನ್ನಡ ಮೀಡಿಯಂ ಅಪ್ ಟು ಟೆಂತ್. ಐ ಡಿಡ್ ಮೈ ಎಂಜಿನಿಯರಿಂಗ್ ಇನ್ ಇಂಗ್ಲಿಷ್, ಅಂಡ್ ಐ ರೋಟ್ ಮೈ ಪ್ರಾಜೆಕ್ಟ್ ರಿಪೋರ್ಟ್ ಮೈಸೆಲ್ಫ್.’ ಮೂರು ಸಂಗತಿ, ಮೂರೂ ನಿಜ, ಯಾವುದಕ್ಕೂ ಕ್ಷಮೆ ಕೇಳಿಲ್ಲ. ಕೇಳುವವರೇ ಅದನ್ನು ಕೂಡಿಸಿಕೊಳ್ಳುತ್ತಾರೆ. ಇದನ್ನು ಕನ್ನಡಿ ಮುಂದೆ ಅಲ್ಲ, ಗೆಳೆಯನ ಮುಂದೆ ಹೇಳಿ ಅಭ್ಯಾಸ ಮಾಡಿ, ಅವನು ನಡುವೆ ತಡೆದು ಪ್ರಶ್ನೆ ಕೇಳಲಿ. ಮುಂದಿನ ಇಂಟರ್‌ವ್ಯೂ ಆದ ಮೇಲೆ ನನಗೆ ತಪ್ಪದೆ ಬರೆಯಿರಿ.

ಲಿಂಗಸುಗೂರಿನಿಂದ, ಪ್ರೌಢಶಾಲೆ ಶಿಕ್ಷಕರು: ವೈಲ್, ವೇರ್‌ಆಸ್ ಪಾಠ ಮಾಡುವಾಗ ಮಕ್ಕಳಿಗೆ ಒಳ್ಳೆಯ ಉದಾಹರಣೆ ಸಿಗುತ್ತಿಲ್ಲ. ಸ್ಟಿಲ್ ಮತ್ತು ಯೆಟ್ ಕೂಡ ಸೇರಿಸಿ ಹೇಳಿದರೆ ಅನುಕೂಲ.

ನಿಮ್ಮ ತಾಲ್ಲೂಕಿನಲ್ಲೇ ಹಟ್ಟಿ ಇದೆಯಲ್ಲ ಸರ್. ‘ದ ಕೋಲಾರ್ ಗೋಲ್ಡ್ ಮೈನ್ಸ್ ಕ್ಲೋಸ್ಡ್ ಇನ್ 2001, ವೇರ್‌ಆಸ್ ದ ಹಟ್ಟಿ ಮೈನ್ಸ್ ಆರ್ ಸ್ಟಿಲ್ ವರ್ಕಿಂಗ್.’ ಎರಡು ಸಂಗತಿಯನ್ನು ಪಕ್ಕಪಕ್ಕ ಇಟ್ಟು ‘ಅದು ಹಾಗೆ, ಇದು ಹೀಗೆ’ ಅನ್ನುವಾಗ ವೇರ್‌ಆಸ್. ಇಲ್ಲಿ ಆಲ್‌ದೋ ಹಾಕಿದರೆ ಕೆಡುತ್ತದೆ. ಕೋಲಾರದ ಗಣಿ ಮುಚ್ಚಿದ್ದರಿಂದ ಹಟ್ಟಿಯೂ ಮುಚ್ಚಬೇಕಿತ್ತು ಅಂತ ಯಾರೂ ನಿರೀಕ್ಷಿಸಿರಲಿಲ್ಲ. ವೈಲ್ ಕೂಡ ಇದೇ ಕೆಲಸ ಮಾಡುತ್ತದೆ, ಆದರೆ ಅದಕ್ಕೆ ‘ಮಾಡುತ್ತಿರುವಾಗ’ ಎಂಬ ಇನ್ನೊಂದು ಅರ್ಥ ಇದೆ. ಗೊಂದಲ ಆಗುವ ಕಡೆ ವೇರ್‌ಆಸ್ ಹಾಕಲು ಹೇಳಿ.

ಸ್ಟಿಲ್, ಯೆಟ್ ಎರಡಕ್ಕೂ ಕನ್ನಡದಲ್ಲಿ ‘ಇನ್ನೂ’ ಒಂದೇ, ಕಷ್ಟ ಅಲ್ಲಿದೆ. ‘ದ ಬಸ್ ಹ್ಯಾಸ್ ನಾಟ್ ಕಮ್ ಯೆಟ್’ ಅಂದರೆ ಇನ್ನೂ ಬಂದಿಲ್ಲ, ಬರುತ್ತದೆ ಬಿಡು. ‘ದ ಬಸ್ ಸ್ಟಿಲ್ ಹ್ಯಾಸ್ ನಾಟ್ ಕಮ್’ ಅಂದರೆ ಇನ್ನೂ ಬಂದಿಲ್ಲ ನೋಡಿ, ಎಷ್ಟು ಹೊತ್ತು ಕಾಯುವುದು! ಎರಡನೆಯದರಲ್ಲಿ ಬೇಸರ ಇದೆ. ಯೆಟ್ ಸಾಮಾನ್ಯವಾಗಿ ಕೊನೆಗೆ, ಸ್ಟಿಲ್ ‘ನಾಟ್’ಗಿಂತ ಮುಂಚೆ. ಮಕ್ಕಳ ಕೈಲಿ ಬಸ್ ಸ್ಟ್ಯಾಂಡಿನ ಮಾತು ಆಡಿಸಿ, ಬೇಗ ಹಿಡಿಯುತ್ತಾರೆ.

‘ಈವನ್ ಇಫ್’ ಮತ್ತು ‘ಈವನ್ ದೋ’ ಕೂಡ ಅದೇ ಪಾಠಕ್ಕೆ ಸೇರಿಸಿ. ‘ಬಸ್ ತಡವಾದರೂ ಪರೀಕ್ಷೆಗೆ ಹೋಗುತ್ತೇನೆ’, ‘ಬಸ್ ತಡವಾದರೂ ಪರೀಕ್ಷೆಗೆ ಹೋದೆ’. ಕನ್ನಡದ ಮೊದಲ ಭಾಗ ಎರಡರಲ್ಲೂ ಒಂದೇ. ತಡ ಆಗಬಹುದು, ಆಗದೆಯೂ ಇರಬಹುದು ಅನ್ನುವಾಗ ಈವನ್ ಇಫ್. ತಡ ಆದದ್ದು ನಿಜ ಅನ್ನುವಾಗ ಈವನ್ ದೋ. ಕನ್ನಡದಲ್ಲಿ ಅದು ಕೊನೆಯ ಕ್ರಿಯಾಪದ ಬಂದಾಗ ಗೊತ್ತಾಗುತ್ತದೆ, ಇಂಗ್ಲಿಷಿನಲ್ಲಿ ಮೊದಲ ಪದಕ್ಕೇ ಗೊತ್ತಾಗಬೇಕು. ವಾಕ್ಯವನ್ನು ಕನ್ನಡದಲ್ಲಿ ಕೊನೆವರೆಗೆ ಮನಸ್ಸಿನಲ್ಲಿ ಹೇಳಿಕೊಂಡು ಆಮೇಲೆ ಇಂಗ್ಲಿಷಿಗೆ ಹೋಗಲು ಕಲಿಸಿ.

ಆನೆಗೊಂದಿಯಿಂದ, ಪ್ರವಾಸಿಗರಿಗೆ ಊರು ತೋರಿಸುವವರು: ‘ಆನ್ ದ ಅದರ್ ಹ್ಯಾಂಡ್’ ಮತ್ತು ‘ಆನ್ ದ ಕಾಂಟ್ರರಿ’ ಎರಡನ್ನೂ ಒಂದೇ ಅಂತ ಬಳಸುತ್ತಿದ್ದೆ. ಒಬ್ಬ ಪ್ರವಾಸಿ ತಿದ್ದಿದರು.

ಅವರು ತಿದ್ದಿದ್ದು ಸರಿ. ಆನ್ ದ ಅದರ್ ಹ್ಯಾಂಡ್ ಅಂದರೆ ‘ಇತ್ತ ಕಡೆ ನೋಡಿದರೆ’. ಹಿಂದೆ ಹೇಳಿದ್ದು ಸುಳ್ಳಲ್ಲ, ಇನ್ನೊಂದು ಬದಿಯನ್ನು ತೋರಿಸುತ್ತೀರಿ. ‘ಹಂಪಿ ಈಸ್ ಆಲ್ವೇಸ್ ಕ್ರೌಡೆಡ್. ಆನೆಗೊಂದಿ, ಆನ್ ದ ಅದರ್ ಹ್ಯಾಂಡ್, ಈಸ್ ಕ್ವಯಟ್.’ ಆನ್ ದ ಕಾಂಟ್ರರಿ ಅಂದರೆ ‘ಅಲ್ಲವೇ ಅಲ್ಲ, ಅದಕ್ಕೆ ಉಲ್ಟಾ’. ‘ಆನೆಗೊಂದಿ ಈಸ್ ನಾಟ್ ನ್ಯೂಅರ್ ದ್ಯಾನ್ ಹಂಪಿ. ಆನ್ ದ ಕಾಂಟ್ರರಿ, ಇಟ್ ಈಸ್ ಓಲ್ಡರ್.’ ಯಾರೋ ತಪ್ಪು ತಿಳಿದದ್ದನ್ನು ಅಲ್ಲಗಳೆಯುವಾಗ ಮಾತ್ರ ಇದನ್ನು ತೆಗೆಯಿರಿ. ಹಂಪಿ ಬಳ್ಳಾರಿ ಜಿಲ್ಲೆಯಲ್ಲಿದೆ ಅಂತ ಪ್ರವಾಸಿಗರು ಈಗಲೂ ಕೇಳಿದರೆ ‘ನಾಟ್ ಇನ್ ಬಳ್ಳಾರಿ ಬಟ್ ಇನ್ ವಿಜಯನಗರ ಡಿಸ್ಟ್ರಿಕ್ಟ್’ ಅನ್ನಿ, 2021ರಿಂದ ಹಾಗೆ. ಈ ‘ಬಟ್’ಗೆ ಕನ್ನಡದಲ್ಲಿ ಪದವೇ ಬೇಡ, ‘ಬಳ್ಳಾರಿ ಅಲ್ಲ, ವಿಜಯನಗರ’ ಅಂದರೆ ಮುಗಿಯಿತು. ಪದ ಇಲ್ಲದ್ದರಿಂದಲೇ ಇಂಗ್ಲಿಷಿನಲ್ಲಿ ಅದನ್ನು ಹಾಕಲು ನಾವು ಮರೆಯುತ್ತೇವೆ.

ಕೊಪ್ಪಳದಿಂದ, ಒಬ್ಬ ತಾಯಿ: ಮಗಳು ಎಂಟನೇ ತರಗತಿ. ಅವಳ ನೋಟ್ಸ್‌ನಲ್ಲಿ ‘ಆಲ್‌ದೋ ಅಂದರೆ ಆದಾಗ್ಯೂ’ ಅಂತ ಇದೆ. ಆದಾಗ್ಯೂ ಅಂದರೇನು ಅಂತ ನನ್ನನ್ನೇ ಕೇಳುತ್ತಾಳೆ, ನಮ್ಮ ಮನೆಯಲ್ಲಿ ಯಾರೂ ಆ ಪದ ಆಡುವುದಿಲ್ಲ. ನಾನು ಓದಿದ್ದು ಏಳನೇ ತರಗತಿ, ಇಂಗ್ಲಿಷ್ ಬರುವುದಿಲ್ಲ. ಅವಳಿಗೆ ನಾನು ಏನಾದರೂ ಸಹಾಯ ಮಾಡಬಹುದೇ ಮೇಡಂ?

ಖಂಡಿತ ಮಾಡಬಹುದು ಅಕ್ಕಾ. ಈ ಪಾಠಕ್ಕೆ ಬೇಕಾದ ಅರ್ಧ ನಿಮ್ಮ ಬಾಯಲ್ಲಿದೆ. ರಾತ್ರಿ ರೊಟ್ಟಿ ಬಡಿಯುವಾಗ ಅವಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನಿಮ್ಮ ಮನೆಯ ಮಾತಿನಲ್ಲೇ ‘ರೂ’ ಇರುವ ಒಂದು ಮಾತು ಹೇಳಿ. ‘ಎಷ್ಟು ಕರೆದ್ರೂ ನಿನ್ನ ತಮ್ಮ ಊಟಕ್ಕೆ ಬರ್ಲಿಲ್ಲ.’ ‘ಕರೆಂಟ್ ಹೋದ್ರೂ ನೀನು ಓದಿದಿ.’ ಅವಳು ಆ ‘ರೂ’ವನ್ನು ಕಿತ್ತು, ಶುರುವಿಗೆ ‘ಆಲ್‌ದೋ’ ಅಂತ ಇಟ್ಟು ಇಂಗ್ಲಿಷಿನಲ್ಲಿ ಹೇಳಲಿ. ‘ಆಲ್‌ದೋ ದ ಪವರ್ ವೆಂಟ್, ಐ ಸ್ಟಡೀಡ್.’ ನಿಮಗೆ ಪೂರ್ತಿ ಅರ್ಥ ಆಗದಿದ್ದರೂ ಚಿಂತೆ ಇಲ್ಲ. ನೀವು ಕಿವಿ ಕೊಡಬೇಕಾದದ್ದು ಎರಡಕ್ಕೆ ಮಾತ್ರ. ಶುರುವಿನಲ್ಲಿ ‘ಆಲ್‌ದೋ’ ಕೇಳಿಸಿತಾ? ಕೇಳಿಸಿದ್ದರೆ ನಡುವೆ ‘ಬಟ್’ ಕೇಳಿಸಬಾರದು. ಕೇಳಿಸಿದರೆ ‘ಇನ್ನೊಮ್ಮೆ ಹೇಳು’ ಅನ್ನಿ. ಪದವಿ ಓದುವ ಮಕ್ಕಳಿಗೆ ಕಾಲೇಜಿನಲ್ಲಿ ಕೆಂಪು ಗೆರೆ ಬೀಳುವುದು ಇದಕ್ಕೇ, ನೀವು ಅದನ್ನು ಎಂಟನೇ ತರಗತಿಯಲ್ಲೇ ತಿದ್ದಿರುತ್ತೀರಿ. ದಿನಕ್ಕೆ ಐದು ಮಾತು ಸಾಕು. ನೋಟ್ಸ್‌ನಲ್ಲಿ ‘ಆದಾಗ್ಯೂ’ ಅಂತ ಇರುವ ಕಡೆ ಪೆನ್ಸಿಲ್‌ನಲ್ಲಿ ‘ಬಂದರೂ, ಇದ್ದರೂ, ಹೋದರೂ’ ಅಂತ ಅವಳ ಕೈಯಿಂದಲೇ ಬರೆಸಿ.